ಒದ್ದೆ ಬಟ್ಟೆಯ ಹತ್ತು ನಿಮಿಷ: ಒಂದು ಹಳೆಯ ಫಿಯಟ್ ಕಾರಿನ ಪ್ರಕರಣ

ಈ ಕಾರಿನ ಮಾಲೀಕರು ಬರೆಯಲು ಒಪ್ಪಿದ್ದಾರೆ. ಹೆಸರು, ಊರು, ಕಾರಿನ ನಂಬರು ಮಾತ್ರ ಬೇಡ ಎಂದಿದ್ದಾರೆ. ಆದ್ದರಿಂದ ಅವರನ್ನು ಮೇಷ್ಟರು ಎಂದೇ ಕರೆಯುತ್ತೇನೆ. ಮೂವತ್ತು ವರ್ಷಕ್ಕೂ ಮೇಲೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವರಿಗೆ ಊರಿನಲ್ಲಿಯೂ ಬೇರೆ ಹೆಸರು ಉಳಿದಿಲ್ಲ. ರಿಪೇರಿ ಮಾಡಿದ ಹಿರಿಯರು ಸುತ್ತಲಿನ ಗ್ಯಾರೇಜುಗಳಿಗೆಲ್ಲ ಉಸ್ತಾದ್, ಇಲ್ಲಿಯೂ ಉಸ್ತಾದ್. ನಾನು ಪಾಲಿಟೆಕ್ನಿಕ್ಕಿನ ಆಟೊಮೊಬೈಲ್ ವಿಭಾಗದಲ್ಲಿ ಪಾಠ ಹೇಳಿ ನಿವೃತ್ತನಾದವನು, ಮೇಷ್ಟರ ಹಳೆಯ ಸ್ನೇಹಿತ. ಈ ಕಾರಿನ ರೋಗವನ್ನು ತಪ್ಪಾಗಿ ಗುರುತಿಸಿದವರಲ್ಲಿ ನಾನೂ ಒಬ್ಬ ಎನ್ನುವುದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಹೇಗೂ ಗೊತ್ತಾಗುತ್ತದೆ.

ಹಿನ್ನೆಲೆ

ಕಾರು 1971ರ ಫಿಯಟ್ 1100 ಡಿಲೈಟ್. ಮುಂಬೈಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೊಮೊಬೈಲ್ಸ್ ಕಾರ್ಖಾನೆ ಈ ಮಾದರಿಯನ್ನು 1964ರಲ್ಲಿ ಹೊರತಂದಿತು. ಇದೇ ಗಾಡಿ ಮುಂದೆ ಪ್ರೆಸಿಡೆಂಟ್ ಎನಿಸಿಕೊಂಡು, 1974ರ ಹೊತ್ತಿಗೆ ಪದ್ಮಿನಿಯಾಯಿತು. ನಮ್ಮ ಮಲೆನಾಡಿನಲ್ಲಿ ಮಾತ್ರ ಕೊನೆಯವರೆಗೂ ಎಲ್ಲವೂ ಫಿಯಟ್ಟೇ. 1089 ಸಿಸಿಯ ನಾಲ್ಕು ಸಿಲಿಂಡರಿನ ಎಂಜಿನ್, ಸ್ಟೀರಿಂಗ್ ಕಂಬದ ಪಕ್ಕದಲ್ಲಿ ಗೇರಿನ ಕಡ್ಡಿ, ಮುಂದೆ ಈ ತುದಿಯಿಂದ ಆ ತುದಿಗೆ ಒಂದೇ ಸೀಟು. ನಂಬರು ಪ್ಲೇಟು ‘ಎಂವೈ’ ಎಂದು ಶುರುವಾಗುತ್ತದೆ. 1973ರ ನವೆಂಬರಿನಲ್ಲಿ ಮೈಸೂರು ರಾಜ್ಯ ಕರ್ನಾಟಕವಾಗುವುದಕ್ಕೆ ಮುಂಚಿನ ನೋಂದಣಿ ಅದು.

ಮೇಷ್ಟರ ತಂದೆ ಇದನ್ನು 1979ರಲ್ಲಿ ಎಸ್ಟೇಟಿನ ವೈದ್ಯರೊಬ್ಬರಿಂದ ಕೊಂಡರು. ಹೊಸ ಕಾರಿಗೆ ಹಣ ಕಟ್ಟಿ ವರ್ಷಗಟ್ಟಲೆ ಕಾಯಬೇಕಿದ್ದ ಕಾಲ. ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಮನೆಗೆ ಬಂದ ಕಾರಾದ್ದರಿಂದ ಅದರ ಮೊದಲ ಕೆಲಸವೂ ಅಡಿಕೆಯದೇ: ಹಿಂದಿನ ಸೀಟು ಕಳಚಿಟ್ಟು ಮೂರು ಮೂಟೆ ಹೇರಿಕೊಂಡು ಶಿವಮೊಗ್ಗದ ಮಂಡಿಗೆ ಹೋಗಿತ್ತು. ಮೇಷ್ಟರಿಗೆ ಆ ಮೂಟೆಗಳ ಒಗರು ವಾಸನೆ ಇವತ್ತಿಗೂ ರೆಕ್ಸಿನಿನಲ್ಲಿ ಸಿಗುತ್ತದಂತೆ. ನನಗೆ ಸಿಕ್ಕಿಲ್ಲ, ಆದರೆ ನಾನು ವಾದಿಸಿಲ್ಲ. ಮುಂದಿನ ಬಾಗಿಲಿನ ತ್ರಿಕೋನ ಗಾಜನ್ನು ಎಷ್ಟು ಓರೆ ಮಾಡಿದರೆ ಗಾಳಿ ಸರಿಯಾಗಿ ಮುಖಕ್ಕೆ ಬಡಿಯುತ್ತದೆ ಎಂಬ ವಿಷಯದಲ್ಲಿ ಅಣ್ಣ ತಂಗಿಯರ ನಡುವೆ ನಡೆಯುತ್ತಿದ್ದ ಜಗಳ, ನಡುರಾತ್ರಿ ಪಕ್ಕದ ಮನೆಯ ಹೆಂಗಸನ್ನು ಹೆರಿಗೆಗೆ ಕರೆದೊಯ್ದದ್ದು, ಮದುವೆಯಾಗಿ ಬಂದ ಹೊಸತರಲ್ಲಿ ಮೇಷ್ಟರ ಹೆಂಡತಿ ಆ ಗೇರಿನ ಕಡ್ಡಿಯನ್ನು ಛತ್ರಿಯ ಹಿಡಿಕೆ ಎಂದುಕೊಂಡದ್ದು, ಇಂಥ ಕಥೆಗಳು ಆ ಮನೆಯಲ್ಲಿ ಕಾರಿನಷ್ಟೇ ಸಲೀಸಾಗಿ ಓಡುತ್ತವೆ. ಈ ಕಥೆಗಳನ್ನು ಸುಮ್ಮನೆ ಹೇಳುತ್ತಿಲ್ಲ. ಪ್ರಕರಣ ದಾರಿ ತಪ್ಪಿದ್ದರಲ್ಲಿ ಇವುಗಳ ಪಾಲೂ ಇದೆ.

ತಂದೆಯವರ ಇನ್ನೊಂದು ಆಸ್ತಿ ಕೆಂಪು ರಟ್ಟಿನ ಲೆಕ್ಕದ ಪುಸ್ತಕ. 1979ರಿಂದ 2015ರವರೆಗೆ ಹಾಕಿಸಿದ ಪೆಟ್ರೋಲು, ಓಡಿದ ಮೈಲಿ, ಬದಲಿಸಿದ ಸಾಮಾನು, ದಾರಿಯಲ್ಲಿ ನಿಂತದ್ದು ಎಲ್ಲವನ್ನೂ ತಾರೀಖು ಸಮೇತ ಬರೆದಿದ್ದರು. 2016ರಲ್ಲಿ ಅವರು ತೀರಿಕೊಂಡರು. ಕಾರು ಕೊಟ್ಟಿಗೆ ಸೇರಿ ಟಾರ್ಪಾಲಿನ ಕೆಳಗೆ ಆರು ಮಳೆಗಾಲ ಕಳೆಯಿತು. ಪುಸ್ತಕ ಅಟ್ಟ ಸೇರಿತು.

ಎಬ್ಬಿಸಿದ್ದು

2022ರಲ್ಲಿ ಮೇಷ್ಟರು ನಿವೃತ್ತರಾದರು. ಮೊದಲ ತಿಂಗಳ ಪಿಂಚಣಿ ಬಂದ ವಾರವೇ ಟಾರ್ಪಾಲು ಎತ್ತಿದರು. ಇಲಿಗಳು ವೈರಿಂಗ್ ತಿಂದಿದ್ದವು. ನಾಲ್ಕೂ ಚಕ್ರಗಳ ಬ್ರೇಕು ಹಿಡಿದುಕೊಂಡಿತ್ತು, ಕ್ಲಚ್ ಪ್ಲೇಟು ಫ್ಲೈವೀಲಿಗೆ ಅಂಟಿತ್ತು, ಟ್ಯಾಂಕಿನ ತಳದಲ್ಲಿ ಬೆಲ್ಲದ ಪಾಕದಂಥ ಕಂದು ಅಂಟು. ಉಸ್ತಾದ್ ಎಂಟು ತಿಂಗಳು ತೆಗೆದುಕೊಂಡರು. ಅರ್ಧ ಸಾಮಾನು ಬೆಂಗಳೂರಿನ ಜೆ.ಸಿ. ರಸ್ತೆಯಿಂದ, ಇನ್ನರ್ಧ ಶಿವಾಜಿನಗರದ ಗುಜರಿಯಿಂದ ಬಂತು. ಈ ಭಾಗವನ್ನು ಬೇಗ ದಾಟುತ್ತೇನೆ, ಏಕೆಂದರೆ ಇಲ್ಲಿ ನಡೆದದ್ದರಲ್ಲಿ ಬಹುಪಾಲು ಸರಿಯಾಗಿಯೇ ನಡೆಯಿತು. ಒಂದು ವಿಷಯ ಮಾತ್ರ ನೆನಪಿರಲಿ. ಉಸ್ತಾದರ ಹುಡುಗ ಬರೆದ ಕೆಲಸದ ಪಟ್ಟಿಯಲ್ಲಿ ‘ಪೆಟ್ರೋಲ್ ಹೋಸ್: ಹೊಸದು’ ಎಂಬ ಸಾಲಿತ್ತು (ಹೋಸ್ ಎಂದರೆ ಪೆಟ್ರೋಲು ಹರಿಯುವ ರಬ್ಬರ್ ಕೊಳವೆ), ಅದರ ಮುಂದೆ ಸರಿ ಗುರುತೂ ಇತ್ತು.

ಈ ಹಂತದಲ್ಲಿ ಒಂದು ದೊಡ್ಡ ತೀರ್ಮಾನ ಆಗಬೇಕಿತ್ತು. ಐವತ್ತು ವರ್ಷ ದಾಟಿದ, ಮೂಲರೂಪದಲ್ಲಿ ಉಳಿಸಿಕೊಂಡ ವಾಹನಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ವಿಂಟೇಜ್ ನೋಂದಣಿಯ ನಿಯಮ ತಂದಿದೆ. ಹೊಸದಾಗಿ ಮಾಡಿಸುವವರಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷಗಳ ಅವಧಿ, ‘ವಿಎ’ ಅಕ್ಷರಗಳಿರುವ ನಂಬರು. ಮೊದಲೇ ನೋಂದಣಿಯಾದ ಗಾಡಿ ತನ್ನ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಮೇಷ್ಟರ ಮಗ ಬೆಂಗಳೂರಿನಿಂದ ಫೋನು ಮಾಡಿ ಇದನ್ನೇ ಮಾಡಿಸಿ ಎಂದ. ಮೇಷ್ಟರು ನಿಯಮವನ್ನು ಎರಡು ಸಲ ಓದಿದರು. ಹಾಗೆ ನೋಂದಣಿಯಾದ ಗಾಡಿಯನ್ನು ಪ್ರದರ್ಶನಕ್ಕೆ, ರ್‍ಯಾಲಿಗೆ, ಇಂಧನ ತುಂಬಿಸಲು, ರಿಪೇರಿಗೆ ರಸ್ತೆಗೆ ತರಬಹುದು. ದಿನನಿತ್ಯದ ಓಡಾಟಕ್ಕೆ ತರುವಂತಿಲ್ಲ.

“ಅಪ್ಪಯ್ಯನ ಕಾರಿನಲ್ಲಿ ಸಂತೆಗೆ ಹೋಗುವ ಹಾಗಿಲ್ಲ ಎಂದಾದರೆ ಎಬ್ಬಿಸುವುದಾದರೂ ಏಕೆ?” ಎಂದರು. ಎಲ್ಲ ಹಳೆಯ ಗಾಡಿಗಳಿಗೂ ಇರುವ ಐದು ವರ್ಷದ ಮಾಮೂಲಿ ನವೀಕರಣಕ್ಕೇ ಅರ್ಜಿ ಹಾಕಿ, ತಪಾಸಣೆಗೆ ಕಾರು ಒಯ್ದು, ತೆರಿಗೆ ಬಾಕಿ ಕಟ್ಟಿ ಬಂದರು. ಈ ತೀರ್ಮಾನ ಸರಿಯೇ ಎಂದು ಕೇಳಿದರೆ ನನ್ನ ಉತ್ತರ ಹೌದು. ಆದರೆ ಅದರಿಂದ ಕಾರಿನ ಮೇಲೆ ಬಿದ್ದ ಭಾರ ಬೇರೆ. ಇದು ಗಾಜಿನ ಕೋಣೆಯಲ್ಲಿ ನಿಲ್ಲುವ ಗಾಡಿಯಲ್ಲ, ಘಟ್ಟ ಹತ್ತಬೇಕಾದ ಗಾಡಿ.

ತೊಂದರೆ

2023ರ ಏಪ್ರಿಲಿನಲ್ಲಿ ಕಾರು ಮೊದಲ ಸಲ ದಾರಿಯಲ್ಲಿ ನಿಂತಿತು. ಒಂದು ಗಂಟೆ ಚೆನ್ನಾಗಿ ಓಡಿ, ಏರಿನಲ್ಲಿ ಎರಡು ಸಲ ಮುಗ್ಗರಿಸಿದ ಹಾಗೆ ಮಾಡಿ ಆಫ್ ಆಯಿತು. ಸ್ಟಾರ್ಟರ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ.

ಫಿಯಟ್ ಓಡಿಸಿದ ಯಾರನ್ನು ಬೇಕಾದರೂ ಕೇಳಿ, ಇಲ್ಲಿಗೇ ನಿಮ್ಮನ್ನು ತಡೆದು ಕಾರಣ ಹೇಳುತ್ತಾರೆ. ಪೆಟ್ರೋಲ್ ಪಂಪು ಎಂಜಿನ್ನಿನ ಮೈಗೇ ಬೋಲ್ಟು ಹಾಕಿ ಕೂರಿಸಿದ್ದು. ಎಂಜಿನ್ನಿನೊಳಗೆ ತಿರುಗುವ ಕ್ಯಾಮ್‌ಶಾಫ್ಟ್ ಅದರ ಸನ್ನೆಯನ್ನು ಮೇಲೆ ಕೆಳಗೆ ಆಡಿಸುತ್ತದೆ, ಒಳಗಿನ ಡಯಾಫ್ರಮ್ ಎಂಬ ಪೊರೆ ಹಿಂಬದಿಯ ಟ್ಯಾಂಕಿನಿಂದ ಪೆಟ್ರೋಲನ್ನು ಎಳೆದು, ಅದನ್ನು ಗಾಳಿಯೊಂದಿಗೆ ಬೆರೆಸುವ ಕಾರ್ಬ್ಯುರೇಟರಿಗೆ ತಳ್ಳುತ್ತದೆ. ಬೇಸಿಗೆಯ ಏರಿನಲ್ಲಿ ಎಂಜಿನ್ ಕಾದಾಗ ಪಂಪೂ ಕಾಯುತ್ತದೆ, ಪೆಟ್ರೋಲು ಅಲ್ಲೇ ಕುದಿದು ಆವಿಯಾಗುತ್ತದೆ. ದ್ರವವನ್ನು ತಳ್ಳಲು ಮಾಡಿದ ಪಂಪಿಗೆ ಆವಿಯನ್ನು ತಳ್ಳಲು ಬರುವುದಿಲ್ಲ. ಇದಕ್ಕೆ ದೇಶದುದ್ದಕ್ಕೂ ಒಂದೇ ಮದ್ದು: ಬಾನೆಟ್ ಎತ್ತಿ, ಒದ್ದೆ ಬಟ್ಟೆಯನ್ನು ಪಂಪಿನ ಮೇಲೆ ಹೊದಿಸಿ, ತಣಿಯುವವರೆಗೆ ಕಾಯುವುದು.

ಮೇಷ್ಟರು ಅದನ್ನೇ ಮಾಡಿದರು. ಹತ್ತು ನಿಮಿಷದ ನಂತರ ಕಾರು ಸ್ಟಾರ್ಟ್ ಆಯಿತು. ಅವತ್ತು ಅವರು ಮನೆಗೆ ಬಂದಾಗ ಬೇಸರವೇ ಇರಲಿಲ್ಲ, ಹಬ್ಬದ ಕಳೆಯಿತ್ತು. ತಂದೆ ಮಾಡುತ್ತಿದ್ದ ಕೆಲಸವನ್ನು ತಂದೆಯ ಕಾರಿನ ಮೇಲೆ, ಬಹುಶಃ ಅದೇ ತಿರುವಿನಲ್ಲಿ ತಾವೂ ಮಾಡಿದ್ದರು. ನನಗೆ ಫೋನು ಮಾಡಿ ಹೇಳುವಾಗ ದನಿ ಗದ್ಗದವಾಗಿತ್ತು. ನಾನೂ ಕರಗಿದೆ. ಹಳ್ಳದಲ್ಲಿ ನೆನೆಸಿದ ಪಂಚೆಯ ತುಂಡು, ಬಾನೆಟ್ಟಿನಿಂದ ಏಳುವ ಹಬೆ, ಮಕ್ಕಳೆಲ್ಲ ಇಳಿದು ನೆಲ್ಲಿಕಾಯಿ ಆರಿಸುತ್ತಿದ್ದದ್ದು ಎಲ್ಲವೂ ನನಗೂ ಗೊತ್ತಿದ್ದ ಚಿತ್ರಗಳು. ಆ ಕ್ಷಣದಿಂದ ನಮ್ಮಿಬ್ಬರಿಗೂ ರೋಗದ ಬಗ್ಗೆ ಸಂಶಯ ಉಳಿಯಲಿಲ್ಲ.

ಮಾಡಿ ನೋಡಿದ್ದು

ಮೇ ತಿಂಗಳಲ್ಲಿ ನಾಲ್ಕು ಸಲ ನಿಂತಿತು. ಪ್ರತಿ ಸಲವೂ ಬಟ್ಟೆ, ಪ್ರತಿ ಸಲವೂ ಹತ್ತು ಹನ್ನೆರಡು ನಿಮಿಷ, ಪ್ರತಿ ಸಲವೂ ವಾಸಿ. ಡಿಕ್ಕಿಯಲ್ಲಿ ನೀರಿನ ಕ್ಯಾನು, ಬಟ್ಟೆ ಕಾಯಂ ಆದವು. ಉಸ್ತಾದ್ ಪಂಪು ಬಿಚ್ಚಿ ಹೊಸ ಡಯಾಫ್ರಮ್ ಹಾಕಿದರು. ಪಂಪಿಗೆ ಬಿಸಿ ತಟ್ಟದಿರಲೆಂದು ತಗಡಿನ ಮರೆಯೊಂದನ್ನು ಕಟ್ಟಿದರು. ಕಾರ್ಬ್ಯುರೇಟರಿನ ಜೆಟ್ಟುಗಳನ್ನು ಊದಿ, ಫ್ಲೋಟು ನೋಡಿ, ಸ್ಲೋ, ಅಂದರೆ ಗಾಡಿ ನಿಂತಿರುವಾಗ ಎಂಜಿನ್ ತಿರುಗುವ ವೇಗ, ಸರಿ ಮಾಡಿದರು. ಒಂದು ವಾರ ಏನೂ ಆಗಲಿಲ್ಲ. ಆ ವಾರ ಮೇಷ್ಟರು ಕಾರನ್ನು ಬರೀ ಸಪಾಟು ರಸ್ತೆಯಲ್ಲಿ ಓಡಿಸಿದ್ದರು ಎಂಬುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಜೂನಿನಲ್ಲಿ ಮತ್ತೆ ನಿಂತಾಗ ನಾನು ಪ್ರವೇಶಿಸಿದೆ. ಕಾದಾಗ ಸತ್ತು ತಣಿದಾಗ ಎದ್ದು ಕೂರುವ ರೋಗ ಇನ್ನೊಂದಿದೆ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರಿನ ಕಂಡೆನ್ಸರ್ ಅಥವಾ ಕಿಡಿಗೆ ವಿದ್ಯುತ್ ಒದಗಿಸುವ ಇಗ್ನಿಷನ್ ಕಾಯಿಲ್ ಬಿಸಿಗೆ ಸೋತರೆ ಕಿಡಿ ಹೋಗುತ್ತದೆ, ಆರಿದ ಮೇಲೆ ಮರಳಿ ಬರುತ್ತದೆ. ಮೂವತ್ತು ವರ್ಷ ಇದನ್ನೇ ಕರಿಹಲಗೆಯ ಮೇಲೆ ಬರೆದವನು ನಾನು. ಆವಿಯಲ್ಲ, ಕಂಡೆನ್ಸರ್ ಎಂದೆ. ಕಂಡೆನ್ಸರ್, ಕಾಯಿಲ್ ಎರಡನ್ನೂ ಬದಲಿಸಿದೆವು, ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳನ್ನೂ ಬದಲಿಸಿದೆವು. ಕಾರು ನಿಂತಾಗ ಒಂದು ಪ್ಲಗ್ ಬಿಚ್ಚಿ ಎಂಜಿನ್ನಿನ ಮೈಗೆ ತಾಗಿಸಿ ಕಿಡಿ ಇದೆಯೇ ಎಂದು ನೋಡಿದ್ದರೆ ಎರಡು ನಿಮಿಷದಲ್ಲಿ ನನ್ನ ತರ್ಕ ಬಿದ್ದುಹೋಗುತ್ತಿತ್ತು. ವಿದ್ಯಾರ್ಥಿಗಳಿಗೆ ಹೇಳಿಕೊಟ್ಟ ಆ ಪರೀಕ್ಷೆಯನ್ನು ನಾನು ಮಾಡಲಿಲ್ಲ. ಕಾರು ನಿಂತಾಗಲೆಲ್ಲ ನಾನು ನಲವತ್ತು ಕಿಲೊಮೀಟರು ದೂರ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದೆ ಎಂಬುದು ನೆಪವಷ್ಟೇ.

ಜುಲೈನಲ್ಲಿ ಪೇಟೆಯ ಗ್ಯಾರೇಜೊಂದರವರು ಎರಡು ಸಲಹೆ ಕೊಟ್ಟರು. ಒಂದು, ಹಳೆಯ ಎಂಜಿನ್ ಇಳಿಸಿ ಬೇರೆ ಕಾರಿನ ಎಂಜಿನ್ನು, ಗೇರ್ ಬಾಕ್ಸು ಕೂರಿಸುವುದು. ಮೇಷ್ಟರು ಅದಕ್ಕೆ ಉತ್ತರವನ್ನೇ ಕೊಡಲಿಲ್ಲ. ಇನ್ನೊಂದು, ಟ್ಯಾಂಕಿನ ಹತ್ತಿರ ಎಲೆಕ್ಟ್ರಿಕ್ ಪಂಪು ಹಾಕಿ ಹಳೆಯ ಪಂಪನ್ನು ಬಿಟ್ಟುಬಿಡುವುದು. ಇದು ಅರ್ಥವಿಲ್ಲದ ಮಾತಲ್ಲ, ಎಷ್ಟೋ ಫಿಯಟ್ಟುಗಳಲ್ಲಿ ಹೀಗೆ ಮಾಡಿದ್ದಾರೆ. ಮೇಷ್ಟರು ಮುಂಗಡ ಕೊಡುವವರೆಗೂ ಹೋಗಿದ್ದರು. ಮಾಡಿಸಿದ್ದರೆ ಏನಾಗುತ್ತಿತ್ತು ಎನ್ನುವುದನ್ನು ಮುಂದೆ ಹೇಳುತ್ತೇನೆ. ನನ್ನ ಪ್ರಕಾರ ಈ ಪ್ರಕರಣದಲ್ಲಿ ನಿಜವಾದ ಅಪಾಯ ಹತ್ತಿರ ಸುಳಿದದ್ದು ಅಲ್ಲಿ.

ಆಗುಂಬೆಯ ತಿರುವಿನಲ್ಲಿ

ಜುಲೈ ಕೊನೆಯ ವಾರ. ಮೇಷ್ಟರು ತಾಯಿಯನ್ನು ಕಣ್ಣಿನ ತಪಾಸಣೆಗೆಂದು ಉಡುಪಿಯ ಕಡೆಗೆ ಕರೆದೊಯ್ದು ಮರಳಿ ಬರುತ್ತಿದ್ದರು. ತಾಯಿಗೆ ಎಂಬತ್ತೆರಡು. ಬಾಡಿಗೆ ಕಾರು ಬೇಡ, ನಮ್ಮದರಲ್ಲೇ ಹೋಗುವ ಎಂದು ಹಟ ಹಿಡಿದವರು ಅವರೇ. ಸೋಮೇಶ್ವರ ದಾಟಿ ಆಗುಂಬೆ ಘಟ್ಟ ಹತ್ತಲು ಶುರು ಮಾಡಿದಾಗ ಆಗುಂಬೆಯ ಮಳೆ ಹೇಗಿರಬೇಕೋ ಹಾಗೇ ಇತ್ತು. ಹದಿನಾಲ್ಕು ಹಿಮ್ಮುರಿ ತಿರುವುಗಳಲ್ಲಿ ಅರ್ಧ ಹತ್ತುವಷ್ಟರಲ್ಲಿ ಕಾರು ಮುಗ್ಗರಿಸಿತು, ನಿಂತಿತು. ಹಿಂದೆ ಮಿನಿ ಬಸ್ಸು. ಅದರ ಕಂಡಕ್ಟರ್ ಇಳಿದು ಬಂದು ಚಕ್ರಕ್ಕೆ ಕಲ್ಲು ಕೊಟ್ಟ.

ಮೇಷ್ಟರು ಬಾನೆಟ್ ಎತ್ತಿದರು. ಮಳೆ ನೇರವಾಗಿ ಎಂಜಿನ್ನಿನ ಮೇಲೆ ಸುರಿಯುತ್ತಿತ್ತು. ಅವರು ಡಿಕ್ಕಿಯಿಂದ ಬಟ್ಟೆ ತಂದು, ಕ್ಯಾನಿನ ನೀರಿನಲ್ಲಿ ಅದನ್ನು ನೆನೆಸಿ, ಆ ಮಳೆಯಲ್ಲಿ ಪಂಪಿನ ಮೇಲೆ ಹೊದಿಸಿದರು. ಹಿಂದಿನ ಸೀಟಿನಲ್ಲಿ ಶಾಲು ಹೊದ್ದು ಕೂತಿದ್ದ ತಾಯಿ ಕಿಟಕಿಯ ಗಾಜು ಎರಡು ಬೆರಳು ಇಳಿಸಿ, “ಮಾಣೀ, ಅದೇನು ಮಾಡುತ್ತಿದ್ದೀಯ?” ಎಂದು ಕೇಳಿದರು. ಮೇಷ್ಟರು ಹೇಳಿದರು. “ನಿನ್ನ ಅಪ್ಪಯ್ಯ ಮಳೆಗಾಲದಲ್ಲಿ ಒಂದು ದಿನವೂ ಬಟ್ಟೆ ಹಾಕಿದ್ದನ್ನು ನಾನು ಕಂಡಿಲ್ಲ. ಅದು ಬೇಸಿಗೆಯ ಕೆಲಸ” ಎಂದು ಗಾಜು ಏರಿಸಿಕೊಂಡರು.

ಕಾರು ಹತ್ತು ನಿಮಿಷಕ್ಕೆ ಎದ್ದಿತು, ಮನೆ ತಲುಪಿತು. ತಾಯಿಯ ಮಾತನ್ನು ಮೇಷ್ಟರು ಮರುದಿನ ನನಗೆ ತಮಾಷೆಯೆಂದು ಹೇಳಿದರು. ನಾನೂ ನಕ್ಕೆ. ಫೋನು ಇಟ್ಟ ಮೇಲೆ ಅದು ತಮಾಷೆಯಲ್ಲ ಎನಿಸಿತು. ಮಂಜು ಕವಿದ ಘಟ್ಟದ ಜಡಿಮಳೆಯಲ್ಲಿ ಪೆಟ್ರೋಲು ಕುದಿದು ಆವಿಯಾಗುವುದೇ? ತಿರುಗಿ ಫೋನು ಮಾಡಿ ಅಟ್ಟದ ಮೇಲಿನ ಕೆಂಪು ಪುಸ್ತಕ ಇಳಿಸಲು ಹೇಳಿದೆ.

ಭಾನುವಾರ ಜಗುಲಿಯಲ್ಲಿ ಕೂತು ಮೂರು ತಾಸು ಓದಿದೆವು. ‘ಪಂಪು ಕಾಯಿತು, ಬಟ್ಟೆ’ ಎಂಬ ಸಾಲು ಮೂವತ್ತಾರು ವರ್ಷಗಳಲ್ಲಿ ಹದಿನೇಳು ಸಲ ಇತ್ತು. ಹದಿನೇಳೂ ಮಾರ್ಚಿನಿಂದ ಮೇ ತಿಂಗಳ ನಡುವೆ, ಒಂದನ್ನು ಬಿಟ್ಟು ಎಲ್ಲವೂ ಮಧ್ಯಾಹ್ನ. ಮಳೆಗಾಲದ್ದು ಒಂದೂ ಇಲ್ಲ. ಹಾಗೆಯೇ ಪುಟ ತಿರುವುವಾಗ 1998ರ ನವೆಂಬರಿನಲ್ಲಿ ಇನ್ನೊಂದು ಸಾಲು ಕಣ್ಣಿಗೆ ಬಿತ್ತು: ‘ಟ್ಯಾಂಕಿನ ಬುಡದ ರಬ್ಬರ್ ಪೈಪು ಬದಲು’. ಆ ದಿನ ಅದನ್ನು ಓದಿ ಮುಂದೆ ಹೋದೆವು. ಕಣ್ಣಿಗೆ ಬಿದ್ದದ್ದೆಲ್ಲ ತಲೆಗೆ ಇಳಿಯಬೇಕೆಂದೇನಿಲ್ಲವಲ್ಲ.

ಮೇಷ್ಟರು ಪುಸ್ತಕ ಮುಚ್ಚಿ, ರೇಖಾಗಣಿತದ ಭಾಷೆಯಲ್ಲಿ ಒಂದು ಮಾತು ಹೇಳಿದರು: “ದತ್ತ ಯಾವುದು, ಸಾಧನೀಯ ಯಾವುದು ಎಂದು ಮಕ್ಕಳಿಗೆ ಗೆರೆ ಹಾಕಿ ಬರೆಸುತ್ತಿದ್ದೆ. ಇಲ್ಲಿ ಸಾಧಿಸಬೇಕಾದದ್ದನ್ನೇ ದತ್ತ ಎಂದು ಬರೆದುಕೊಂಡು ಕೂತಿದ್ದೇನೆ.” ಎಲೆಕ್ಟ್ರಿಕ್ ಪಂಪಿನ ಮುಂಗಡ ಕೊಡುವುದನ್ನು ಅವತ್ತೇ ನಿಲ್ಲಿಸಿದರು. ಏನನ್ನೂ ಹೊಸದಾಗಿ ಹಾಕುವ ಮೊದಲು ಕಾರಣ ಗೊತ್ತಾಗಬೇಕು ಎಂದರು.

ಮೊದಲಿನಿಂದ

ಉಸ್ತಾದರಿಗೆ ಮೊದಲು ಸ್ವಲ್ಪ ಮುಖ ಸಣ್ಣದಾಯಿತು. ನಾಲ್ಕು ತಿಂಗಳು ತಮ್ಮ ಕೈಯಲ್ಲಿದ್ದ ಗಾಡಿ. ಆದರೆ ಪುಸ್ತಕದ ವಿಷಯ ಕೇಳಿದ ಮೇಲೆ, “ಹಾಗಾದರೆ ಮೇಷ್ಟರೇ, ಗಾಡಿಯನ್ನು ಎರಡು ತುಂಡು ಮಾಡೋಣ” ಎಂದರು. ತುಂಡು ಮಾಡುವುದೆಂದರೆ ಪಂಪಿನಿಂದ ಮುಂದಿನದು ಒಂದು ಭಾಗ, ಪಂಪಿನಿಂದ ಟ್ಯಾಂಕಿನವರೆಗಿನದು ಇನ್ನೊಂದು ಭಾಗ. ಎರಡು ಲೀಟರಿನ ತಗಡಿನ ಡಬ್ಬವೊಂದಕ್ಕೆ ನಳಿಗೆ ಬೆಸೆದು, ಎಕ್ಸಾಸ್ಟಿನಿಂದ ದೂರ ಗಟ್ಟಿಯಾಗಿ ಕಟ್ಟಿ, ಅದರ ಪೆಟ್ರೋಲನ್ನು ನೇರ ಪಂಪಿಗೆ ಕೊಟ್ಟರು. ಹಿಂದಿನ ಟ್ಯಾಂಕಿಗೂ ಎಂಜಿನ್ನಿಗೂ ಸಂಬಂಧ ಕಡಿಯಿತು. ಬೆಂಕಿ ನಂದಿಸುವ ಸಿಲಿಂಡರ್ ಹಿಡಿದು ಉಸ್ತಾದರ ಹುಡುಗ ಪಕ್ಕದಲ್ಲಿ ಕೂತ. ಓದುವವರು ಇದನ್ನು ತಾವೇ ಮಾಡಲು ಹೋಗಬಾರದು. ಅನೇಕ ಕಡೆ ಗಾಜಿನ ಬಾಟಲಿಯಲ್ಲಿ ಮಾಡುತ್ತಾರೆ, ಅದಂತೂ ಕೂಡದು.

ಸೋಮೇಶ್ವರದಿಂದ ಆಗುಂಬೆಯವರೆಗೆ ಹದಿನಾಲ್ಕು ತಿರುವುಗಳನ್ನೂ ಕಾರು ಒಂದೇ ಉಸಿರಿನಲ್ಲಿ ಹತ್ತಿತು. ಇಳಿದು ಇನ್ನೊಮ್ಮೆ ಹತ್ತಿಸಿದರು. ಒಂದು ಸಲವೂ ಮುಗ್ಗರಿಸಲಿಲ್ಲ.

ಅಂದರೆ ನಾವು ಅಲ್ಲಿಯವರೆಗೆ ಬದಲಿಸಿದ ಪಂಪಿನ ಡಯಾಫ್ರಮ್, ಜೆಟ್ಟು, ಕಾಯಿಲ್, ಕಂಡೆನ್ಸರ್, ಪಾಯಿಂಟು ಯಾವುದಕ್ಕೂ ಈ ರೋಗದ ಸಂಬಂಧವಿರಲಿಲ್ಲ. ತೊಂದರೆ ಇದ್ದದ್ದು ಹಿಂದೆ, ನಾವು ಒಮ್ಮೆಯೂ ಬಗ್ಗಿ ನೋಡದ ಕಡೆ.

ಹಿಂದೆ ಏನಿದೆ? ಟ್ಯಾಂಕಿನ ಮುಚ್ಚಳ, ಒಳಗಿನ ಜಾಲರಿ, ಕಾರಿನ ಹೊಟ್ಟೆಯಡಿ ಸಾಗುವ ಲೋಹದ ಕೊಳವೆ, ಕೂಡುವಲ್ಲಿ ರಬ್ಬರ್ ಹೋಸು. ಮುಚ್ಚಳದ ಗಾಳಿಕಿಂಡಿ ಕಟ್ಟಿದ್ದರೆ ಟ್ಯಾಂಕಿನಲ್ಲಿ ನಿರ್ವಾತವಾಗಿ ಪೆಟ್ರೋಲು ಬರುವುದಿಲ್ಲ. ಮುಚ್ಚಳ ಸಡಿಲಿಸಿ ಓಡಿಸಿದರು, ಕಾರು ನಿಂತಿತು. ಜಾಲರಿ ತೆಗೆದು ತೊಳೆದರು, ನಿಂತಿತು. ಪಂಪಿನ ಕಡೆಯಿಂದ ಕಂಪ್ರೆಸರಿನ ಗಾಳಿ ಊದಿದರು. ಟ್ಯಾಂಕಿನಲ್ಲಿ ಗುಳುಗುಳು ಸದ್ದು, ದಾರಿ ಸಲೀಸು. ಇನ್ನೊಂದು ದಿನ ಮತ್ತೆ ಊದಿದರು, ಮತ್ತೆ ಸಲೀಸು. ಪೈಪು ಸರಿಯಿದೆ ಎಂದು ತೀರ್ಪು ಬರೆದು ಬಿಡುವುದರಲ್ಲಿದ್ದೆವು.

ಉಸ್ತಾದ್ ಊಟಕ್ಕೆ ಎದ್ದವರು ಹಾಗೇ ನಿಂತರು. “ಪಂಪು ಊದುತ್ತದೆಯೇ ಸಾರ್? ಎಳೆಯುತ್ತದಲ್ಲವೇ? ನಾವು ಊದಿ ನೋಡುತ್ತಿದ್ದೇವೆ” ಎಂದರು.

ಮೂವತ್ತು ವರ್ಷ ಪಾಠ ಮಾಡಿದ ನನಗೆ ಹೊಳೆಯದ ಮಾತು ಅದು. ಕೈಪಂಪೊಂದನ್ನು ಕೊಳವೆಗೆ ಸಿಕ್ಕಿಸಿ ಎಳೆಯತೊಡಗಿದರು. ಮೊದಲ ಒಂದು ನಿಮಿಷ ಧಾರೆಯಾಗಿ ಬಂದ ಪೆಟ್ರೋಲು ತೆಳುವಾಯಿತು, ತೊಟ್ಟಿಕ್ಕಿತು, ನಿಂತಿತು. ಎಳೆಯುವುದನ್ನು ಬಿಟ್ಟು ಕೂತೆವು. ಕೆಲವು ನಿಮಿಷದ ಬಳಿಕ ಎಳೆದರೆ ಮತ್ತೆ ಧಾರೆ. ಕಾರನ್ನು ರ್‍ಯಾಂಪಿಗೆ ಹತ್ತಿಸಿ ಹಿಂದಿನ ಆಕ್ಸಲಿನ ಮೇಲ್ಭಾಗದಲ್ಲಿ ಕೈಯಾಡಿಸಿದಾಗ, ಟ್ಯಾಂಕನ್ನೂ ಲೋಹದ ಕೊಳವೆಯನ್ನೂ ಕೂಡಿಸುವ ಒಂದು ಗೇಣು ಉದ್ದದ ರಬ್ಬರ್ ಹೋಸು ಸಿಕ್ಕಿತು. ಹೊರಗೆ ಬಿರುಕೂ ಇಲ್ಲ, ಸೋರಿಕೆಯೂ ಇಲ್ಲ. ಬ್ಲೇಡಿನಿಂದ ಉದ್ದಕ್ಕೆ ಸೀಳಿದರು. ಒಳಗಿನ ಪದರ ಉಬ್ಬಿ, ಗೋಡೆ ಬಿಟ್ಟು, ಕಿರುನಾಲಿಗೆಯ ಹಾಗೆ ಜೋತುಬಿದ್ದಿತ್ತು. ಊದಿದರೆ ಮಲಗಿ ದಾರಿ ಬಿಡುತ್ತದೆ, ಎಳೆದರೆ ಎದ್ದು ಬಾಗಿಲು ಹಾಕುತ್ತದೆ.

ಅಟ್ಟದ ಪುಸ್ತಕದ 1998ರ ಪೈಪು ಅದೇ. ಕೊಟ್ಟಿಗೆಯಿಂದ ಎಬ್ಬಿಸಿದಾಗ ಬಾನೆಟ್ಟಿನೊಳಗಿನ ಹೋಸುಗಳನ್ನೆಲ್ಲ ಬದಲಿಸಿದ್ದರು, ಪಟ್ಟಿಯಲ್ಲಿ ಸರಿ ಗುರುತೂ ಬಿದ್ದಿತ್ತು. ಕಾಣದ ಜಾಗದ ಈ ಒಂದನ್ನು ಮಾತ್ರ ಬದಲಿಸಿರಲಿಲ್ಲ. ಟ್ಯಾಂಕು ತೊಳೆಯುವಾಗ ಅದನ್ನು ಬಿಚ್ಚಿ ಮತ್ತೆ ಅದೇ ಕ್ಲಿಪ್ಪು ಬಿಗಿದಿದ್ದರು.

ಎಲ್ಲವೂ ಕೂಡಿ ಬಂದದ್ದು

ಈಗ ಹಿಂದಿನ ಘಟನೆಗಳನ್ನು ಒಂದೊಂದಾಗಿ ಇಟ್ಟು ನೋಡಿದರೆ ಎಲ್ಲವೂ ಆಗಲೇ ಹೇಳುತ್ತಿದ್ದವು. ಸಪಾಟಿನಲ್ಲಿ ಓಡಿ ಏರಿನಲ್ಲಿ ನಿಂತದ್ದು: ಏರಿನಲ್ಲಿ ಎಂಜಿನ್ ಹೆಚ್ಚು ಕುಡಿಯುತ್ತದೆ, ಜೊತೆಗೆ ಮೂತಿ ಮೇಲಾಗಿ ಹಿಂದಿನ ಟ್ಯಾಂಕು ಇನ್ನೂ ತಗ್ಗಿಗೆ ಹೋಗುತ್ತದೆ, ಪಂಪು ಜೋರಾಗಿ ಎಳೆಯಬೇಕಾಗುತ್ತದೆ. ಜೋರಾಗಿ ಎಳೆದಷ್ಟೂ ಆ ನಾಲಿಗೆ ಬಿಗಿಯಾಗಿ ಮುಚ್ಚಿಕೊಳ್ಳುತ್ತದೆ. ಎಂಜಿನ್ ನಿಂತ ಮೇಲೆ ಎಳೆತವಿಲ್ಲ, ನಾಲಿಗೆ ನಿಧಾನವಾಗಿ ಸಡಿಲಾಗುತ್ತದೆ.

ಮತ್ತೆ ಒದ್ದೆ ಬಟ್ಟೆ? ಅದು ಪ್ರತಿ ಸಲವೂ ಕೆಲಸ ಮಾಡಿತ್ತಲ್ಲ! ಕೆಲಸ ಮಾಡಿದ್ದು ಬಟ್ಟೆಯಲ್ಲ. ಇಳಿದು, ಡಿಕ್ಕಿ ತೆಗೆದು, ಕ್ಯಾನು ಹುಡುಕಿ, ಬಟ್ಟೆ ನೆನೆಸಿ, ಹಿಂಡಿ, ಹೊದಿಸಿ, ಆರುವುದನ್ನೇ ನೋಡುತ್ತ ನಿಲ್ಲುವ ಹತ್ತು ನಿಮಿಷ. ಆ ಹೊತ್ತಿನಲ್ಲಿ ಮೇಷ್ಟರು ಬಾನೆಟ್ಟಿನ ಮೇಲೆ ಕೂತು ಭಾವಗೀತೆ ಹಾಡಿದ್ದರೂ ಕಾರು ಅಷ್ಟೇ ಚೆನ್ನಾಗಿ ಸ್ಟಾರ್ಟ್ ಆಗುತ್ತಿತ್ತು. ಆರು ಸಲ ಫಲಿಸಿದ ಮದ್ದನ್ನು ಅನುಮಾನಿಸುವುದು ಕಷ್ಟ. ಅದು ಅಪ್ಪಯ್ಯನ ಮದ್ದಾದರೆ ಇನ್ನೂ ಕಷ್ಟ.

ಎಲೆಕ್ಟ್ರಿಕ್ ಪಂಪಿನ ಮಾತಿಗೆ ಬರುತ್ತೇನೆ. ಆ ಗ್ಯಾರೇಜಿನವರು ಪಂಪನ್ನು ಟ್ಯಾಂಕಿಗೆ ಅಂಟಿಕೊಂಡಂತೆ, ಈ ಹೋಸಿಗಿಂತ ಮೊದಲು ಕೂರಿಸುವವರಿದ್ದರು. ಹಾಗೆ ಕೂರಿಸಿದ್ದರೆ ಅದು ಪೆಟ್ರೋಲನ್ನು ಹಿಂದಿನಿಂದ ಮುಂದಕ್ಕೆ ತಳ್ಳುತ್ತಿತ್ತು. ಆ ಒತ್ತಡಕ್ಕೆ ನಾಲಿಗೆ ಗೋಡೆಗೆ ಮಲಗಿದ್ದರೆ ಕಾರು ಎಲ್ಲಿಯೂ ನಿಲ್ಲುತ್ತಿರಲಿಲ್ಲ. ನಾವೆಲ್ಲ ಸಿಹಿ ಹಂಚುತ್ತಿದ್ದೆವು. ಒಳಗೆ ಕೊಳೆತ, ಇಪ್ಪತ್ತೈದು ವರ್ಷ ಹಳೆಯ ಹೋಸು ಮಾತ್ರ ಅದುವರೆಗೆ ಕಾಣದ ಒತ್ತಡವನ್ನು ಪ್ರತಿದಿನ ತಡೆದುಕೊಳ್ಳಬೇಕಾಗುತ್ತಿತ್ತು, ಕಾರಿನ ಹೊಟ್ಟೆಯಡಿ, ಎಕ್ಸಾಸ್ಟ್ ಕೊಳವೆ ಹಾದುಹೋಗುವ ಕಡೆ. ಎಳೆಯುವ ಪಂಪಿನ ಹೋಸು ಒಡೆದರೆ ಗಾಳಿ ಒಳಗೆ ಬಂದು ಕಾರು ನಿಲ್ಲುತ್ತದೆ. ತಳ್ಳುವ ಪಂಪಿನ ಹೋಸು ಒಡೆದರೆ ಪೆಟ್ರೋಲು ಹೊರಗೆ ಚಿಮ್ಮುತ್ತದೆ. ತಾಯಿ ಕಿಟಕಿಯ ಗಾಜು ಇಳಿಸದೇ ಇದ್ದಿದ್ದರೆ ಎಂದು ನಾನು ಆಗಾಗ ಯೋಚಿಸುತ್ತೇನೆ.

ಹೋಸು ಹಾಗೇಕಾಯಿತು ಎಂದು ಬಹಳ ಜನ ಕೇಳಿದ್ದಾರೆ. ಎಲ್ಲರಿಗೂ ಬೇಕಾದ ಉತ್ತರ ಎಥನಾಲ್. ಕಾರು ಕೊಟ್ಟಿಗೆಯಲ್ಲಿ ಮಲಗಿದ್ದ ಆರು ವರ್ಷಗಳಲ್ಲಿ ಬಂಕಿನ ಪೆಟ್ರೋಲು ಬದಲಾಗಿತ್ತು ಎನ್ನುವುದು ನಿಜ. 2022ರ ಜೂನಿಗೆ ದೇಶದಲ್ಲಿ ಸರಾಸರಿ ಶೇ 10ರಷ್ಟು ಎಥನಾಲ್ ಬೆರಕೆಯ ಗುರಿ ಮುಟ್ಟಿತು. 2023ರ ಫೆಬ್ರುವರಿಯಲ್ಲಿ ಶೇ 20ರ ಬೆರಕೆಯನ್ನು ಬಿಡುಗಡೆ ಮಾಡಿದ್ದೂ ನಮ್ಮ ಬೆಂಗಳೂರಿನಲ್ಲೇ. ಎಥನಾಲ್ ಹಳೆಯ ಕಾಲದ ರಬ್ಬರನ್ನು ಉಬ್ಬಿಸುತ್ತದೆ, ನೀರನ್ನು ಹೀರಿಕೊಳ್ಳುತ್ತದೆ, ಟ್ಯಾಂಕಿನ ಹಳೆಯ ಅಂಟನ್ನು ಕರಗಿಸಿ ಮುಂದಕ್ಕೆ ಕಳಿಸುತ್ತದೆ. ಆದರೆ ಇಪ್ಪತ್ತೈದು ವರ್ಷ ಬದಲಿಸದ ಹೋಸು ಒಣಗಿ ಸಿಗದೆ ಉಬ್ಬಿ ಸಿಕ್ಕಿತು ಎಂಬುದಷ್ಟೇ ಇಂಧನದ ಮೇಲಿನ ದೂರು. ಬದಲಿಸದೇ ಬಿಟ್ಟದ್ದು ನಾವು.

ಸರಿಪಡಿಸಿದ್ದಕ್ಕೆ ಹಿಡಿದ ಸಮಯ ಮುಕ್ಕಾಲು ಗಂಟೆ. ಎಥನಾಲ್ ತಡೆಯುವ ಒಳಪದರದ, ಎಸ್‌ಎಇ ಜೆ30 ಆರ್9 ಎಂಬ ಗುಣಮಟ್ಟದ ಗುರುತನ್ನು ಮೈಮೇಲೆ ಅಚ್ಚು ಹಾಕಿರುವ ಹೋಸನ್ನು ತರಿಸಿ, ಟ್ಯಾಂಕಿನಿಂದ ಕಾರ್ಬ್ಯುರೇಟರಿನವರೆಗೆ ಇದ್ದ ರಬ್ಬರನ್ನೆಲ್ಲ ಬದಲಿಸಿದರು. ನಾಲ್ಕು ತಿಂಗಳು ಕಾಡಿದ ರೋಗಕ್ಕೆ ಬಿದ್ದ ಖರ್ಚು, ಅದಕ್ಕೆ ಮುಂಚೆ ಸುಮ್ಮನೆ ಕೊಂಡ ಕಾಯಿಲಿನ ಬೆಲೆಗಿಂತ ಕಡಿಮೆ. ಆ ಕಾಯಿಲ್ ಕೊಳ್ಳಿಸಿದವನು ನಾನು ಎನ್ನುವುದನ್ನು ಮೇಷ್ಟರು ಇದುವರೆಗೆ ಎತ್ತಿ ಆಡಿಲ್ಲ. ಅದು ಅವರ ದೊಡ್ಡತನ.

ಆಮೇಲೆ

ಆ ಅಕ್ಟೋಬರಿನ ಕೊನೆಗೆ ಮುಂಬೈಯ ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿಗಳು ರಸ್ತೆಯಿಂದ ಸರಿದವು. ಕೊನೆಯ ಟ್ಯಾಕ್ಸಿ ನೋಂದಣಿಯಾದದ್ದು 2003ರ ಅಕ್ಟೋಬರಿನಲ್ಲಿ, ಅಲ್ಲಿನ ಇಪ್ಪತ್ತು ವರ್ಷದ ಮಿತಿ ಅವತ್ತಿಗೆ ಮುಗಿಯಿತು. ಪತ್ರಿಕೆಯ ಆ ಸುದ್ದಿಯನ್ನು ಮೇಷ್ಟರು ಕತ್ತರಿಸಿ ಕೆಂಪು ಪುಸ್ತಕದೊಳಗೆ ಇಟ್ಟಿದ್ದಾರೆ. ಉಸ್ತಾದರ ಚಿಂತೆ ಬೇರೆ. ಆ ಟ್ಯಾಕ್ಸಿಗಳು ಓಡುವವರೆಗೆ ಯಾರೋ ಒಬ್ಬರು ಸಾಮಾನು ಮಾಡುತ್ತಿದ್ದರು, ಇನ್ನು ಗುಜರಿಯೇ ಗತಿ ಎಂದು ಬೆಂಗಳೂರಿಗೆ ಹೋಗಿ ಎರಡು ಪಂಪು, ಒಂದು ಡಿಸ್ಟ್ರಿಬ್ಯೂಟರ್, ಕೈಗೆ ಸಿಕ್ಕಷ್ಟು ಗೇರ್ ಬಾಕ್ಸಿನ ಬಿಡಿಭಾಗ ತಂದು ಮೇಷ್ಟರ ಅಟ್ಟಕ್ಕೆ ಹಾಕಿಸಿದ್ದಾರೆ.

ಕಾರು ವಾರಕ್ಕೊಮ್ಮೆ ಸಂತೆಗೆ ಹೋಗುತ್ತದೆ. ಮುಂದಿನ ಮಳೆಗಾಲದಲ್ಲಿ ತಾಯಿಯನ್ನು ಕೂರಿಸಿಕೊಂಡು ಆಗುಂಬೆಯನ್ನು ಮೂರು ಸಲ ಹತ್ತಿತು. ಏಪ್ರಿಲಿನ ಒಂದು ಮಧ್ಯಾಹ್ನ ನಿಜವಾಗಿಯೂ ಪಂಪು ಕಾದು ನಿಂತಿತು. ಮೇಷ್ಟರು ಈ ಸಲ ಬಟ್ಟೆ ಹಾಕುವ ಮೊದಲು ಹೋಸು ಮುಟ್ಟಿ ನೋಡಿದರು, ಪ್ಲಗ್ ಬಿಚ್ಚಿ ಕಿಡಿ ನೋಡಿದರು, ಆಮೇಲೆ ಹಾಕಿದರು. ಪುಸ್ತಕದಲ್ಲಿ ತಂದೆಯ ಅಕ್ಷರದ ಕೆಳಗೆ ಹದಿನೆಂಟನೆಯ ‘ಪಂಪು ಕಾಯಿತು, ಬಟ್ಟೆ’ ಎಂಬ ಸಾಲು ಮಗನ ಅಕ್ಷರದಲ್ಲಿದೆ. 2023ರಲ್ಲಿ ಆ ಹೋಸಿನಿಂದಾಗಿ ನಿಂತದ್ದನ್ನೆಲ್ಲ ಅವರು ಬೇರೆ ಪುಟದಲ್ಲಿ, ಕೆಂಪು ಶಾಯಿಯಲ್ಲಿ ಬರೆದಿದ್ದಾರೆ.

ಈಗ ಇಳಿಜಾರಿನಲ್ಲಿ ಆಕ್ಸಲರೇಟರ್ ಬಿಟ್ಟರೆ ಮೂರನೆಯ ಗೇರು ತಾನಾಗಿ ಹಾರಿ ನ್ಯೂಟ್ರಲ್‌ಗೆ ಬರುತ್ತದೆ. ಗೇರ್ ಬಾಕ್ಸು ಇಳಿಸಬೇಕು ಎಂದು ನನಗೆ ಅನಿಸುತ್ತಿದೆ. ಉಸ್ತಾದರಿಗೆ ಸ್ಟೀರಿಂಗ್ ಕಂಬದ ಕೆಳಗಿನ ಸಂಧಿಗಳ ಮೇಲೆ ಅನುಮಾನ. ಮೇಷ್ಟರು ಇಬ್ಬರನ್ನೂ ಸುಮ್ಮನಿರಿಸಿ, ಕನ್ನಡಕ ಹಾಕಿಕೊಂಡು 1986ರ ಪುಟಗಳನ್ನು ತೆಗೆದು ಕೂತಿದ್ದಾರೆ.